ಶಿಲುಬೆಯ ಎದುರು ಮೂಡಿದ ಬಿದಿಗೆಯ ಚಂದ್ರ

ಅರ್ಧಚಂದ್ರವೆಂದೊಡನೆ ನಮಗೆ ಮಸೀದಿಯ ಗುಮ್ಮಟ ನೆನಪಾಗುತ್ತದೆ. ಆದರೆ ಈ ಚಿಹ್ನೆ ಇಸ್ಲಾಮಿನೊಡನೆ ಹುಟ್ಟಿದ್ದಲ್ಲ. ಪ್ರಾಚೀನ ಬೈಜಾಂಟಿಯಂ ನಗರದ ನಾಣ್ಯಗಳಲ್ಲಿಯೂ ಇರಾನಿನ ಸಸಾನಿ ಅರಸರ ಬೆಳ್ಳಿನಾಣ್ಯಗಳಲ್ಲಿಯೂ ಚಂದ್ರ, ನಕ್ಷತ್ರಗಳಿದ್ದವು. ಕುರಾನು ಬಾಲಚಂದ್ರನನ್ನು ಕಾಲಗಣನೆಗೂ ಹಜ್ ಯಾತ್ರೆಗೂ ಅಳತೆಗೋಲೆಂದು ಹೇಳುತ್ತದೆಯೇ ಹೊರತು ಲಾಂಛನವೆಂದಲ್ಲ. ಅದನ್ನು ಧರ್ಮದ ಗುರುತಾಗಿ ಹೊರಜಗತ್ತು ಕಾಣತೊಡಗಿದ್ದು ಬಹುಮಟ್ಟಿಗೆ ಆಟೊಮನ್ ತುರ್ಕರ ಬಾವುಟದಿಂದ. ನಮ್ಮ ನಾಡಿನ ಶಿಲಾಶಾಸನಗಳ ನೆತ್ತಿಯ ಮೇಲೆ ಸೂರ್ಯನ ಜೊತೆಗೆ ಇದೇ ಬಿದಿಗೆಯ ಚಂದ್ರನಿದ್ದಾನೆ. ಅಲ್ಲಿ ಅವನು ದಾನವು ಆಚಂದ್ರಾರ್ಕವಾಗಿ ನಿಲ್ಲಲೆಂಬುದಕ್ಕೆ ಸಾಕ್ಷಿ.

ಈ ಚಿಹ್ನೆಯ ಅರ್ಥವು ಜೀವಮರಣದ ಪ್ರಶ್ನೆಯಾದದ್ದು ರಣರಂಗದಲ್ಲಿ. ಗಾಯಾಳುಗಳನ್ನೂ ಅವರನ್ನು ಎತ್ತಿ ತರುವವರನ್ನೂ ಎರಡೂ ಕಡೆಯವರು ಮುಟ್ಟಬಾರದೆಂದು 1864ರ ಜಿನೀವಾ ಒಪ್ಪಂದ ವಿಧಿಸಿತು. ಅವರ ಗುರುತಿಗೆಂದು ಆರಿಸಿದ್ದು ಬಿಳಿಯ ನೆಲದ ಮೇಲೆ ಕೆಂಪು ಶಿಲುಬೆ. ಅದು ಸ್ವಿಟ್ಜರ್ಲೆಂಡಿನ ಬಾವುಟದ ಬಣ್ಣಗಳನ್ನು ಅದಲುಬದಲು ಮಾಡಿದ್ದು, ಆ ದೇಶಕ್ಕೆ ಸಲ್ಲಿಸಿದ ಗೌರವ ಎಂದು 1906ರ ಒಪ್ಪಂದವೇ ಹೇಳಿತು. ಜಿನೀವಾದಲ್ಲಿ ಕುಳಿತವರಿಗೆ ಆ ವಿವರಣೆ ಸಾಕಿದ್ದೀತು. ತುರ್ಕಿಯ ಸಿಪಾಯಿಗೆ ಶಿಲುಬೆ ಶಿಲುಬೆಯೇ.

ತುರ್ಕಿ 1865ರಲ್ಲಿಯೇ ಒಪ್ಪಂದಕ್ಕೆ ಸೇರಿತ್ತು. ಆದರೆ 1876ರಲ್ಲಿ ಸರ್ಬಿಯದೊಡನೆ ಯುದ್ಧ ನಡೆದಿದ್ದಾಗ, ಶಿಲುಬೆಯು ತನ್ನ ಮುಸ್ಲಿಂ ಸೈನಿಕರ ಮನಸ್ಸನ್ನು ನೋಯಿಸುತ್ತದೆಯೆಂದೂ ತನ್ನ ಶುಶ್ರೂಷಾಪಡೆ ಕೆಂಪು ಅರ್ಧಚಂದ್ರವನ್ನು ಧರಿಸುವುದೆಂದೂ ಅದು ತಿಳಿಸಿತು. ಶತ್ರುವಿನ ಶಿಲುಬೆಯನ್ನು ತಾನು ಗೌರವಿಸುವುದಾಗಿಯೂ ಹೇಳಿತು. ಮರುವರ್ಷ ತುರ್ಕಿಯ ಮೇಲೆ ಯುದ್ಧ ಸಾರಿದ ರಷ್ಯ, ಪರಸ್ಪರ ಮನ್ನಣೆಯ ಷರತ್ತಿನ ಮೇಲೆ ಆ ಚಂದ್ರನನ್ನು ಒಪ್ಪಿಕೊಂಡಿತು. ಕೊಲ್ಲಲು ಹೊರಟವರ ನಡುವೆ ಈ ಒಂದು ಮಾತಾದರೂ ನಡೆಯಿತೆಂಬುದು ನಮಗೆ ಸಣ್ಣ ಸಂಗತಿಯಾಗಿ ತೋರುವುದಿಲ್ಲ. ಜಿನೀವಾ ಒಪ್ಪಂದದೊಳಗೆ ಅರ್ಧಚಂದ್ರಕ್ಕೆ ಜಾಗ ಸಿಕ್ಕಿದ್ದು ಮಾತ್ರ 1929ರಲ್ಲಿ.

ಅದೇ ವರ್ಷ ಇರಾನಿನ ಕೆಂಪು ಸಿಂಹ ಮತ್ತು ಸೂರ್ಯನಿಗೂ ಮನ್ನಣೆ ದೊರೆಯಿತು. ಮುಸ್ಲಿಂ ದೇಶವಾದರೂ ಇರಾನಿಗೆ ಅರ್ಧಚಂದ್ರ ತನ್ನದೆನಿಸಿರಲಿಲ್ಲ. 1979ರ ಕ್ರಾಂತಿಯ ಬಳಿಕ ಸಿಂಹವು ಅರಸೊತ್ತಿಗೆಯ ಪಳೆಯುಳಿಕೆಯೆನಿಸಿ, 1980ರಲ್ಲಿ ಇರಾನು ಅರ್ಧಚಂದ್ರವನ್ನೇ ತೆಗೆದುಕೊಂಡಿತು.

ನಮ್ಮ ಉಪಖಂಡದ ಕತೆ ಬೇರೆ. ಭಾರತದ ಸಂಸ್ಥೆ 1920ರಿಂದಲೂ ಶಿಲುಬೆಯ ಹೆಸರಿನಲ್ಲೇ ಇದೆ; ಹಿಂದೂಗಳು ಬಹುಸಂಖ್ಯಾತರಾದ ದೇಶದಲ್ಲಿ ಅದನ್ನು ಧರ್ಮದ ಗುರುತಾಗಿ ಓದುವವರು ವಿರಳ, ಔಷಧಿ ಅಂಗಡಿಯ ಗುರುತಾಗಿ ಓದುವವರೇ ಹೆಚ್ಚು. ಪಾಕಿಸ್ತಾನ ಕೂಡ ಶಿಲುಬೆಯಿಂದಲೇ ಆರಂಭಿಸಿ 1974ರಲ್ಲಿ ಚಂದ್ರನತ್ತ ಹೊರಳಿತು, ಬಾಂಗ್ಲಾದೇಶ 1988ರಲ್ಲಿ. ಆದರೆ ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರಿರುವ ದೇಶಗಳಲ್ಲೊಂದಾದ ಇಂಡೋನೇಷ್ಯ ಇಂದಿಗೂ ಕೆಂಪು ಶಿಲುಬೆಯನ್ನೇ ಬಳಸುತ್ತಿದೆ. ಧರ್ಮವೊಂದೇ ಚಿಹ್ನೆಯನ್ನು ಆರಿಸುವುದಾಗಿದ್ದರೆ ಹೀಗಾಗುತ್ತಿರಲಿಲ್ಲ.

ಕೊನೆಗೆ 2005ರಲ್ಲಿ, ಯಾವ ಧರ್ಮವನ್ನೂ ಯಾವ ದೇಶವನ್ನೂ ನೆನಪಿಸದಂತೆ, ಮೂಲೆಯ ಮೇಲೆ ನಿಂತ ಕೆಂಪು ಚೌಕವೊಂದನ್ನು ರೂಪಿಸಿ ಅದನ್ನು ಕೆಂಪು ಹರಳೆಂದು ಕರೆದರು. ಅದಕ್ಕೆ ಶಿಲುಬೆ, ಚಂದ್ರಗಳಷ್ಟೇ ಕಾನೂನಿನ ರಕ್ಷಣೆಯುಂಟು. ಆದರೂ ಹೆಚ್ಚಿನ ದೇಶಗಳು ತಮ್ಮ ಹಳೆಯ ಗುರುತುಗಳನ್ನು ಬಿಟ್ಟುಕೊಟ್ಟಿಲ್ಲ.