ಓಪೆತ್

ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ಹುಟ್ಟಿದ ಒಂದು ವಾದ್ಯವೃಂದದ ನಾಮಧೇಯವಾಗಿ ಈ ಶಬ್ದವು ಪ್ರಸಿದ್ಧವಾಗಿದೆಯಾದರೂ, ಇದರ ಮೂಲವಿರುವುದು ವಿಲ್ಬರ್ ಸ್ಮಿತ್ ಎಂಬ ಕಾದಂಬರಿಕಾರನು 1972ರಲ್ಲಿ ಪ್ರಕಟಿಸಿದ 'ದಿ ಸನ್‌ಬರ್ಡ್' ಕೃತಿಯಲ್ಲಿ. ಅಲ್ಲಿ 'ಓಪೆಟ್' ಎಂಬುದು ಆಫ್ರಿಕದ ದಕ್ಷಿಣಭಾಗದಲ್ಲಿ ಲುಪ್ತವಾಗಿಹೋದ, ಕವಿಕಲ್ಪಿತವಾದ ಚಂದ್ರನಗರಿ. ವೃಂದದವರು ಕೊನೆಗೆ ಎಚ್ ಅಕ್ಷರವೊಂದನ್ನು ಸೇರಿಸಿಕೊಂಡರು, ಅಷ್ಟೆ. ರೌದ್ರಪ್ರಧಾನವಾದ ಡೆತ್ ಮೆಟಲ್ ಸಂಗೀತದವರು ಶವ-ಶ್ಮಶಾನಗಳ ಹೆಸರನ್ನೇ ಅರಸುವ ವಾಡಿಕೆಯಿರುವಾಗ, ಅದೇ ಸಂಗೀತದಿಂದ ಬಂದ ಈ ವೃಂದವು ಚಂದ್ರನ ಊರನ್ನು ಆರಿಸಿದ್ದು ವಿಲಕ್ಷಣವೇ ಸರಿ. ಆದರೆ 2001ರಲ್ಲಿ ಹೊರಬಂದ ಇವರ 'ಬ್ಲ್ಯಾಕ್‌ವಾಟರ್ ಪಾರ್ಕ್' ಆಲ್ಬಮನ್ನು ಕೇಳಿದವರಿಗೆ ಅದರ ಔಚಿತ್ಯವು ಹೊಳೆಯದಿರದು. ಹತ್ತು ನಿಮಿಷಗಳನ್ನೂ ಮೀರಿದ ಅದರ ಮೊದಲ ಗೀತದಲ್ಲಿ ವೃಂದದ ಗಾಯಕನಾದ ಮಿಕೇಲ್ ಓಕರ್‌ಫೆಲ್ಟನ ಘೋರಗರ್ಜನೆಯೆಲ್ಲವೂ ಅಡಗಿ, ಒಂಟಿ ಪಿಯಾನೋ ಮಾತ್ರವೇ ಕಡೆಯಲ್ಲಿ ಉಳಿಯುತ್ತದೆ. 'ಹಾರ್ವೆಸ್ಟ್' ಎಂಬ ಗೀತದಲ್ಲಂತೂ ಗರ್ಜನೆಯ ಸುಳಿವೇ ಇಲ್ಲ.