ಕಪಿಲಾ–ಕಾವೇರಿ ಬಯಲಿನ ಪ್ರಾಣಿ ಸಾಕಣೆ: ತಳಿಯ ಆಯ್ಕೆ ಯಾರ ಕೈಯಲ್ಲಿ?

ಪೀಠಿಕೆ

ನಂಜನಗೂಡನ್ನು ಹಾದು ಬರುವ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಈ ಎರಡು ತಾಲ್ಲೂಕುಗಳ ಚರಿತ್ರೆ ಬರೆದವರು ತಲಕಾಡಿನ ಗಂಗರು, ಸೋಮನಾಥಪುರದ ಹೊಯ್ಸಳ ಶಿಲ್ಪ, ಶ್ರೀಕಂಠೇಶ್ವರನ ಗುಡಿ, ಕಳಲೆಯ ದಳವಾಯಿಗಳು ಇವುಗಳಿಗೆ ಸಾಕಷ್ಟು ಪುಟಗಳನ್ನು ಕೊಟ್ಟಿದ್ದಾರೆ. ದನ, ಕುರಿ, ರೇಷ್ಮೆಹುಳುಗಳ ಚರಿತ್ರೆ ಮಾತ್ರ ಉತ್ಖನನದ ವರದಿ, ಗೆಜೆಟಿಯರು, ಪಶುಸಂಗೋಪನಾ ಇಲಾಖೆಯ ದಾಖಲೆಗಳಲ್ಲಿ ಚೆದುರಿಕೊಂಡಿದೆ. ಅದನ್ನು ಒಂದು ಪ್ರಶ್ನೆಯ ಸುತ್ತ ಜೋಡಿಸುವುದು ಈ ಲೇಖನದ ಉದ್ದೇಶ: ಈ ಬಯಲಿನ ಪ್ರಾಣಿಗಳ ತಳಿಯನ್ನು ಆರಿಸಿದವರು ಯಾರು?

ಕಾಡುಪ್ರಾಣಿಯೊಂದನ್ನು ಹಿಡಿದು ಪಳಗಿಸಿದ ಮಾತ್ರಕ್ಕೆ ಅದು ಸಾಕುಪ್ರಾಣಿಯ ಜಾತಿಯಾಗುವುದಿಲ್ಲ. ಯಾವ ಗಂಡು ಯಾವ ಹೆಣ್ಣನ್ನು ಕೂಡಬೇಕು, ಯಾವ ಕರುವನ್ನು ಉಳಿಸಿಕೊಳ್ಳಬೇಕು ಎಂಬ ತೀರ್ಮಾನ ಮನುಷ್ಯನದಾಗಿ, ಅದು ತಲೆಮಾರುಗಟ್ಟಲೆ ನಡೆದು, ಪ್ರಾಣಿಯ ಮೈಕಟ್ಟು ಮತ್ತು ಸ್ವಭಾವ ಬದಲಾದಾಗಲೇ ಸಾಕಣೆ ಪೂರ್ಣವಾಗುತ್ತದೆ. ಚಾರ್ಲ್ಸ್ ಡಾರ್ವಿನ್ 1868ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಆಯ್ಕೆಯನ್ನು ಎರಡಾಗಿ ವಿಂಗಡಿಸಿದ. ಒಂದು, ಗುರಿಯಿಟ್ಟುಕೊಂಡು ಕ್ರಮವಾಗಿ ಮಾಡುವ ಆಯ್ಕೆ. ಇನ್ನೊಂದು, ತಳಿಯನ್ನು ಬದಲಿಸುವ ಉದ್ದೇಶವಿಲ್ಲದೆ, ಒಳ್ಳೆಯದನ್ನು ಉಳಿಸಿಕೊಂಡು ಉಳಿದದ್ದನ್ನು ಮಾರುತ್ತ ಬರುವುದರಿಂದ ತಾನಾಗಿ ಆಗುವ ಆಯ್ಕೆ. ಎರಡಕ್ಕೂ ಈ ಬಯಲಿನಲ್ಲಿ ನಿದರ್ಶನಗಳಿವೆ.

ಸಂಗಮದ ನವಶಿಲಾಯುಗ

ನರಸೀಪುರದ ಸಂಗಮದ ಬಳಿ 1959ರಿಂದ 1965ರ ನಡುವೆ ಪ್ರೊ. ಎಂ. ಶೇಷಾದ್ರಿ ಅವರ ನೇತೃತ್ವದಲ್ಲಿ ಉತ್ಖನನ ನಡೆಯಿತು. ವರದಿ 1971ರಲ್ಲಿ ಹೊರಬಂತು. ನಯಗೊಳಿಸಿದ ಕಲ್ಲಿನ ಕೊಡಲಿ, ಬೂದು ಬಣ್ಣದ ಮಡಕೆ, ಶವಸಂಸ್ಕಾರದ ಕುರುಹುಗಳ ಜೊತೆಗೆ ಸುಟ್ಟ ಮಣ್ಣಿನ ತಲೆದಿಂಬುಗಳು ಸಿಕ್ಕಿ ವಿದ್ವಾಂಸರ ಗಮನ ಸೆಳೆದವು. ಇಂಥವು ಇದೇ ತಾಲ್ಲೂಕಿನ ಹೆಮ್ಮಿಗೆಯಲ್ಲೂ ದೊರೆತಿವೆ. ಇಂಗಾಲದ ಕಾಲನಿರ್ಣಯ ಇಲ್ಲಿನ ನೆಲೆಯನ್ನು ಕ್ರಿ.ಪೂ. ಎರಡನೆಯ ಸಹಸ್ರಮಾನದ ಆರಂಭದ ಆಸುಪಾಸಿಗೆ ಒಯ್ಯುತ್ತದೆ.

ಈ ಜನ ಯಾವ ಲೋಕಕ್ಕೆ ಸೇರಿದವರೆಂದು ತಿಳಿಯಲು ಉತ್ತರದ ಬಯಲುಸೀಮೆಯನ್ನು ನೋಡಬೇಕು. ಬಳ್ಳಾರಿ, ರಾಯಚೂರು, ಕಲಬುರಗಿ ಸೀಮೆಯ ಬೂದಿದಿಬ್ಬಗಳು ಸಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟದ್ದರಿಂದ ಆದವು. ಉಟ್ನೂರಿನಲ್ಲಿ ಎಫ್. ಆರ್. ಆಲ್ಚಿನ್ ಅವರಿಗೆ ದೊಡ್ಡಿಯ ಕಂಬಗುಳಿಗಳು, ದನದ ಗೊರಸಿನ ಅಚ್ಚುಗಳು ಕಂಡವು. 1963ರಲ್ಲಿ ಅವರು ಬರೆದ ಗ್ರಂಥದಿಂದ ದಕ್ಷಿಣದ ನವಶಿಲಾಯುಗದವರು ಮೊದಲಿಗೆ ದನಗಾಹಿಗಳು ಎಂಬ ಅಭಿಪ್ರಾಯ ನೆಲೆಯೂರಿತು. ಮುಂದೆ ಕೆ. ಪದ್ದಯ್ಯ ಅವರು ಬೂದಿಹಾಳದಲ್ಲಿ ದನದ ದೊಡ್ಡಿಯನ್ನೂ ಮಾಂಸ ಕಡಿಯುತ್ತಿದ್ದ ಜಾಗವನ್ನೂ ಗುರುತಿಸಿದರು. ಅಂಥ ಬೂದಿದಿಬ್ಬಗಳು ಕಾವೇರಿ ಬಯಲಿನಲ್ಲಿ ಇಲ್ಲ. ಮಳೆ ಹೆಚ್ಚು, ಹೊಳೆ ಹತ್ತಿರ, ಮೇವು ಮುಗಿಯದ ಈ ಸೀಮೆಯಲ್ಲಿ ದನಗಾಹಿಯ ಬದುಕು ಬೇರೆ ರೀತಿ ಸಾಗಿರಬೇಕು. ದನದ ಬಳಕೆಯಂತೂ ಎರಡೂ ಕಡೆಗಳಿಗೆ ಸಮಾನ.

ಕುರಿಯ ವಿಷಯದಲ್ಲಿ ತರ್ಕ ಇನ್ನೂ ಸರಳ. ದಕ್ಷಿಣ ಭಾರತದಲ್ಲಿ ಕಾಡುಕುರಿಯೇ ಇಲ್ಲ. ಕುರಿ, ಆಡುಗಳನ್ನು ಮನುಷ್ಯ ಮೊದಲು ಸಾಕಿದ್ದು ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ. ಹಿಣಿಲಿನ ದನ ಪಳಗಿದ್ದಕ್ಕೆ ಅತ್ಯಂತ ಹಳೆಯ ಪುರಾವೆ ಬಲೂಚಿಸ್ತಾನದ ಮೆಹರ್‌ಗಢದಲ್ಲಿದೆ. ಹಾಗಾಗಿ ದಕ್ಷಿಣದ ಯಾವುದೇ ನವಶಿಲಾ ನೆಲೆಯಲ್ಲಿ ಕುರಿಯ ಮೂಳೆ ಸಿಕ್ಕರೆ ಅದು ಕಾಡಿನದಲ್ಲ, ಮನುಷ್ಯನ ಜೊತೆ ನಡೆದು ಬಂದದ್ದು. ಕುದುರೆಯ ಮಾತು ಇಷ್ಟು ಸಲೀಸಲ್ಲ. ನವಶಿಲಾ ನೆಲೆಯಾದ ಹಳ್ಳೂರಿನ ಮೂಳೆಗಳಲ್ಲಿ ಕೆ. ಆರ್. ಆಲೂರ ಅವರು ಕುದುರೆಯದನ್ನು ಗುರುತಿಸಿದಾಗ ಎದ್ದ ವಾದ ಇನ್ನೂ ತಣ್ಣಗಾಗಿಲ್ಲ.

ಗಂಗರ ಆನೆ, ಕಾಳಿಯ ಕಲ್ಲು

ತಲಕಾಡನ್ನು ರಾಜಧಾನಿ ಮಾಡಿಕೊಂಡ ಗಂಗರಿಗೆ ಆನೆಯೇ ಲಾಂಛನ. ಎಂಟನೆಯ ಶತಮಾನದ ಶ್ರೀಪುರುಷ ಗಜಶಾಸ್ತ್ರ ಬರೆದ. ಎರಡನೆಯ ಶಿವಮಾರನ ಹೆಸರಿನಲ್ಲಿ ಕನ್ನಡದ ಗಜಾಷ್ಟಕವಿದೆ. ಅದು ಒನಕೆವಾಡಾಗಿ ಹಳ್ಳಿಯ ಬಾಯಿಗೆ ಬಂದಿತ್ತೆಂದು ಪರಂಪರೆ ಹೇಳುತ್ತದೆ. ಇಷ್ಟೆಲ್ಲ ವಿದ್ಯೆಯಿದ್ದರೂ ಆನೆಯ ತಳಿ ಮನುಷ್ಯನ ಕೈಗೆ ಬರಲಿಲ್ಲ. ಬಸಿರೇ ಸುಮಾರು 22 ತಿಂಗಳು; ಮರಿ ದುಡಿಮೆಗೆ ಬರಲು ಹತ್ತು-ಹದಿನೈದು ವರ್ಷ ಮೇವು ಹಾಕಬೇಕು. ಕಾಡಿನಲ್ಲಿ ಬೆಳೆದದ್ದನ್ನು ಹಿಡಿದು ಪಳಗಿಸುವುದೇ ಅಗ್ಗ. ಜಿ. ಪಿ. ಸ್ಯಾಂಡರ್ಸನ್ 1873–74ರಲ್ಲಿ ಚಾಮರಾಜನಗರದ ಕಡೆ ಆನೆ ಹಿಡಿಯುವ ಖೆಡ್ಡಾ ಆರಂಭಿಸಿದ. ಆಮೇಲೆ ಇದೇ ಕಪಿಲೆಯ ಮೇಲ್ದಂಡೆಯ ಕಾಕನಕೋಟೆ ಖೆಡ್ಡಾಗೆ ಹೆಸರಾಯಿತು. ಕೊನೆಯದು ನಡೆದದ್ದು 1971ರಲ್ಲಿ. ಟಿಪ್ಪುವಿನ ಪಟ್ಟದಾನೆಗೆ ಕಣ್ಣು ಬಂತೆಂದು, ಅದಕ್ಕೆ ಅವನು ಪಚ್ಚೆಯ ಲಿಂಗ ಕೊಟ್ಟು ದೇವರನ್ನು ಹಕೀಮ್ ನಂಜುಂಡ ಎಂದು ಕರೆದನೆಂದು ನಂಜನಗೂಡಿನ ಐತಿಹ್ಯ. ಒಂದೊಂದು ಆನೆಯ ಮೇಲಿನ ಮಮತೆಗೆ ಈ ಕಥೆ ಸಾಕ್ಷಿ, ತಳಿಯ ಮೇಲಿನ ಹಿಡಿತಕ್ಕಲ್ಲ.

ನಾಯಿಯ ಸಂಗತಿ ಬೇರೆ. ನೆರೆಯ ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು ಹತ್ತನೆಯ ಶತಮಾನದ ಮಧ್ಯಭಾಗದ್ದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರ ಮೆಚ್ಚುಗೆಯಾಗಿ ಊರನ್ನೋ ಹೊನ್ನನ್ನೋ ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಕಾಳಿ ಹಂದಿಯ ಮೇಲೆ ಬಿದ್ದು ಅದನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು, ಪೂಜೆಗೆ ಭೂಮಿ ಬಿಟ್ಟರು. ಬೇಟೆಗೆ ಒದಗುವ ನಾಯಿಗೆ ಇದ್ದ ಬೆಲೆಗೆ ಇದಕ್ಕಿಂತ ಗಟ್ಟಿ ದಾಖಲೆ ಬೇಕಿಲ್ಲ.

ಸೋಮನಾಥಪುರದ ಕೇಶವ ದೇವಾಲಯದ ಅಡಿಪಟ್ಟಿಕೆಗಳಲ್ಲಿ ಮೊದಲು ಆನೆಯ ಸಾಲು, ಅದರ ಮೇಲೆ ಕುದುರೆ ಸವಾರರು. ಆನೆ ಕಾಡಿನಿಂದ ಹಿಡಿದು ತಂದದ್ದು, ಒಳ್ಳೆಯ ಯುದ್ಧದ ಕುದುರೆ ಬಹುಮಟ್ಟಿಗೆ ಕಡಲಾಚೆಯಿಂದ ಕೊಂಡದ್ದು. ಅರಸೊತ್ತಿಗೆ ಮೆರೆಸಿದ ಪ್ರಾಣಿಗಳೆರಡೂ ಈ ನೆಲದಲ್ಲಿ ತಳಿಯಾಗಿ ಬೆಳೆದವಲ್ಲ. ಇಲ್ಲಿನ ತಳಿಗಾರನ ನಿಜವಾದ ಕೆಲಸ ಕಾಣುವುದು ಕೊಟ್ಟಿಗೆಯಲ್ಲಿ. ಅದರ ವಿದ್ಯೆಯೂ ಕನ್ನಡದಲ್ಲಿ ಹಳೆಯದು: 1025ರ ಸುಮಾರಿಗೆ ಚಾವುಂಡರಾಯ ರಚಿಸಿದ ಲೋಕೋಪಕಾರ, 12ನೆಯ ಶತಮಾನದ ಕೀರ್ತಿವರ್ಮನ ಗೋವೈದ್ಯ ಇದಕ್ಕೆ ಸಾಕ್ಷಿ.

ಹಳ್ಳಿಕಾರ್: ಅರಮನೆಯ ಕಾವಲು, ಜಾತ್ರೆಯ ಮಾಳ

ಮೈಸೂರು ಅರಸರು ಕಾವಲು ಎಂಬ ಹುಲ್ಲುಗಾವಲುಗಳನ್ನು ಮೀಸಲಿಟ್ಟು ದನದ ಹಿಂಡು ಕಟ್ಟಿದರು. ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ಇದು ಬೆಣ್ಣೆ ಚಾವಡಿ ಎಂಬ ಇಲಾಖೆಯಾಯಿತು. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಮೂಲ ಹಿಂಡಿನಲ್ಲಿ ಮುಖ್ಯವಾದದ್ದು ಹಳ್ಳಿಕಾರ್ ತಳಿ. ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗೆ ಬೇರೆ ಬೇರೆ ಕಾವಲುಗಳಿದ್ದವು. ಒಳ್ಳೆಯ ಹೋರಿಯನ್ನು ಮಾತ್ರ ಬೀಜಕ್ಕೆ ಉಳಿಸಿ ಉಳಿದವನ್ನು ಬೀಜ ಒಡೆದು ಬಂಡಿಗೆ, ಫಿರಂಗಿಗೆ ಹೂಡುತ್ತಿದ್ದರು. ಇದು ಡಾರ್ವಿನ್ ಹೇಳಿದ ಕ್ರಮಬದ್ಧ ಆಯ್ಕೆಯ ಪಕ್ಕಾ ಮಾದರಿ. ಚಿದಂಬರದ ರಕ್ಷಣೆಗೆ ಹೈದರನ ಸೇನೆ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ದಾಖಲೆಗಳು ಹೇಳುತ್ತವೆ. 1799ರ ನಂತರ ಹಿಂಡು ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. 1860ರಲ್ಲಿ ಖರ್ಚು ಉಳಿಸಲು ಅದನ್ನು ಒಡೆದು ಮಾರಿದರು. ಫಿರಂಗಿ ಎಳೆಯಲು ತಕ್ಕ ಎತ್ತು ಸಿಗದೆ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಬಂತು. ಆಯ್ಕೆ ಆರೇ ವರ್ಷ ನಿಂತರೂ ತಳಿಗೆ ಎಂಥ ಪೆಟ್ಟು ಬೀಳುತ್ತದೆ ಎಂಬುದಕ್ಕೆ ಈ ಪ್ರಸಂಗವೇ ಉತ್ತರ.

ಅರಮನೆಯ ಕಾವಲಿಗೆ ಸಮನಾಗಿ ಹಳ್ಳಿಯ ವ್ಯವಸ್ಥೆಯೊಂದು ನಡೆದು ಬಂತು, ಅದೇ ದನಗಳ ಜಾತ್ರೆ. ತಲಕಾಡಿನ ಬಳಿಯ ಮುಡುಕುತೊರೆಯಲ್ಲಿ ಮಲ್ಲಿಕಾರ್ಜುನನ ಜಾತ್ರೆ, ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ ಶಿವರಾತ್ರೀಶ್ವರರ ಜಾತ್ರೆ, ಎರಡೂ ಸುಗ್ಗಿ ಮುಗಿದ ಹೊತ್ತಿನವು. ಮಾಳದಲ್ಲಿ ಚಪ್ಪರದಡಿ ಕಟ್ಟಿದ ಜೋಡೆತ್ತಿನ ಬಳಿ ರೈತ ಏನು ನೋಡುತ್ತಾನೆ ಎಂಬುದನ್ನು ಗಮನಿಸಬೇಕು. ಮೊದಲು ತುಟಿ ಎತ್ತಿ ಹಲ್ಲು: ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ. ಆಮೇಲೆ ಕೊಂಬು ಬುಡದಲ್ಲಿ ಹತ್ತಿರವಿದ್ದು ಹಿಂದಕ್ಕೆ ಬಾಗಿದೆಯೇ, ಗೊರಸು ಗಟ್ಟಿಯೇ, ಬಾಲ ಸಣ್ಣಗಿದೆಯೇ. ಕೊನೆಗೆ ಸುಳಿ: ಕೆಟ್ಟ ಸುಳಿಯಿದ್ದರೆ ಎಷ್ಟು ಲಕ್ಷಣವಾಗಿದ್ದರೂ ಗಿರಾಕಿ ಮುಂದೆ ಹೋಗುತ್ತಾನೆ. ನಡೆಸಿ ನೋಡಿದ ಮೇಲೆ ಟವೆಲಿನ ಮರೆಯಲ್ಲಿ ದಲ್ಲಾಳಿಯ ಬೆರಳು ಹಿಡಿದು ಬೆಲೆ ಕುದುರುತ್ತದೆ. ಸುಳಿಶಾಸ್ತ್ರಕ್ಕೆ ವಿಜ್ಞಾನದ ಆಧಾರವಿಲ್ಲ. ಆದರೆ ಹಲ್ಲು, ಗೊರಸು, ನಡಿಗೆಯ ಪರೀಕ್ಷೆ ವರ್ಷವರ್ಷವೂ ಸಾವಿರಾರು ಕಣ್ಣುಗಳಿಂದ ನಡೆದ ಆಯ್ಕೆ. ಹಳ್ಳಿಕಾರ್ ಉಳಿದದ್ದು ಇದರಿಂದ.

ಬನ್ನೂರು ಕುರಿ

ನರಸೀಪುರ ತಾಲ್ಲೂಕಿನ ಬನ್ನೂರು ಮತ್ತು ಮಳವಳ್ಳಿ ತಾಲ್ಲೂಕಿನ ಬಂಡೂರು ಒಂದೇ ಕುರಿಗೆ ಹೆಸರು ಕೊಟ್ಟಿವೆ. ಸರ್ಕಾರಿ ದಾಖಲೆಯಲ್ಲಿ ಅದು ಮಂಡ್ಯ ತಳಿ. ಗಿಡ್ಡ ಕಾಲು, ಬಿಳಿ ಮೈ, ಕೆಲವಕ್ಕೆ ಮುಖದ ಮೇಲೆ ಕಂದು. ಹಿಂದಿನಿಂದ ನೋಡಿದರೆ ತೊಡೆಯ ಮಾಂಸ ಲಾಳವನ್ನು ಬೋರಲಿಟ್ಟ ಹಾಗೆ ತುಂಬಿಕೊಂಡಿರುತ್ತದೆ. ಬಯಲುಸೀಮೆಯ ಡೆಕ್ಕನಿ ಕುರಿ ಕಂಬಳಿಗೆ ಉಣ್ಣೆ ಕೊಡುತ್ತದೆ, ಇದರ ಉಣ್ಣೆ ಒರಟು ಮತ್ತು ಅಲ್ಪ. ಇಲ್ಲಿ ಬೇಕಾದದ್ದು ಮಾಂಸ. ಕೊಬ್ಬು ಒಳಗೊಳಗೇ ಹರಡಿ ಮೃದುವಾದ ಮಾಂಸ. ಇದಕ್ಕೆ ಇಲಾಖೆಯಿರಲಿಲ್ಲ, ಹುಕುಮ್‌ನಾಮೆಯಿರಲಿಲ್ಲ. ತುಂಬಿದ ತೊಡೆಯ ಟಗರನ್ನು ಬೀಜಕ್ಕೆ ಇಟ್ಟುಕೊಂಡು ಉಳಿದದ್ದನ್ನು ಸಂತೆಗೆ ಹೊಡೆದ ಮನೆಗಳೇ ಇದರ ಕರ್ತೃಗಳು. ಇದು ಡಾರ್ವಿನ್ನನ ಎರಡನೆಯ ಬಗೆ. ಅಪಾಯವೂ ಅಲ್ಲೇ ಇದೆ. ಒಳ್ಳೆಯ ಟಗರಿಗೆ ಕಟುಕ ಕೊಡುವ ಬೆಲೆ ಬೀಜದ ಬೆಲೆಯನ್ನು ಮೀರಿದ ದಿನ ಒಳ್ಳೆಯದೇ ಮೊದಲು ಕತ್ತಿಗೆ ಹೋಗುತ್ತದೆ. ದೊಡ್ಡ ಮೈಯ ಬೇರೆ ಕುರಿಗಳ ಜೊತೆ ಬೆರಕೆಯಾದರೆ ಉಳಿದದ್ದೂ ಕರಗುತ್ತದೆ.

ಹಾರಲಾರದ ಚಿಟ್ಟೆ

ಸಾಕಣೆಯ ಕೊನೆಯ ಹಂತ ನೋಡಬೇಕೆಂದರೆ ರೇಷ್ಮೆಹುಳುವಿನ ಮನೆಗೆ ಹೋಗಬೇಕು. ಚೀನಾದಲ್ಲಿ ಸುಮಾರು 5,000 ವರ್ಷಗಳ ಹಿಂದೆ ಮನುಷ್ಯನ ಕೈಗೆ ಬಂದ ಈ ಹುಳು ಟಿಪ್ಪುವಿನ ಆಸಕ್ತಿಯಿಂದ 18ನೆಯ ಶತಮಾನದ ಕೊನೆಗೆ ಬಂಗಾಳದಿಂದ ಮೈಸೂರಿಗೆ ಬಂತು. ತಟ್ಟೆಯ ಮೇಲೆ ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿ, ಹಣ್ಣಾಗಿ, ಚಂದ್ರಿಕೆಯ ಮೇಲೆ ಗೂಡು ಕಟ್ಟುವವರೆಗೆ ಅದಕ್ಕೆ ಸೊಪ್ಪನ್ನು ಬಾಯಿಯ ಬಳಿಗೇ ತಂದು ಹಾಕಬೇಕು. ತಟ್ಟೆಯಂಚು ದಾಟಿ ಮೇವು ಹುಡುಕುವ ಸ್ವಭಾವ ಅದರಲ್ಲಿ ಉಳಿದಿಲ್ಲ, ಚಿಟ್ಟೆಗೆ ಹಾರಲು ಬಾರದು. ಗಂಟುರೋಗಕ್ಕೆ ತಾಯಿಚಿಟ್ಟೆಯನ್ನೇ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪಾಶ್ಚರನ ಕ್ರಮ ಬಂದ ಮೇಲೆ ಬೀಜದ ಆಯ್ಕೆ ರೈತನ ಮನೆಯಿಂದ ಬಿತ್ತನೆ ಕೋಠಿಗೆ ಹೋಯಿತು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ದ್ವಿತಳಿ ಮಿಶ್ರಣಗಳೊಂದಿಗೆ ಅದು ಪ್ರಯೋಗಾಲಯದಲ್ಲಿ ಗಟ್ಟಿಯಾಯಿತು. ಇದರಿಂದ ನರಸೀಪುರದ ಸರ್ಕಾರಿ ನೂಲು ಬಿಚ್ಚುವ ಕಾರ್ಖಾನೆಗೆ ಉದ್ದ ಎಳೆಯ ಗೂಡು ಸಿಕ್ಕಿತು, ರೈತ ಮಾತ್ರ ಪ್ರತಿ ಬೆಳೆಗೂ ಬೀಜ ಕೊಳ್ಳುವವನಾದ.

ಉಪಸಂಹಾರ

ಸಂಗಮದ ದನಗಾಹಿಯಿಂದ ಬಿತ್ತನೆ ಕೋಠಿಯವರೆಗೆ ಈ ಬಯಲಿನ ಸಾಕಣೆಯಲ್ಲಿ ಆಯ್ಕೆಯ ಹಕ್ಕು ಮನೆಯಿಂದ ಅರಮನೆಗೆ, ಅರಮನೆಯಿಂದ ಇಲಾಖೆಗೆ, ಇಲಾಖೆಯಿಂದ ಪ್ರಯೋಗಾಲಯಕ್ಕೆ ಸರಿದದ್ದು ಕಾಣುತ್ತದೆ. ದನದ ಮಟ್ಟಿಗೂ ಕೃತಕ ಗರ್ಭಧಾರಣೆಯ ವೀರ್ಯನಳಿಕೆ ಊರ ಬೀಜದ ಹೋರಿಯ ಜಾಗಕ್ಕೆ ಬಂದಿದೆ, ಟ್ರ್ಯಾಕ್ಟರು ಎತ್ತಿನ ಜಾಗಕ್ಕೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಹಿಂದಿನ ಗಣತಿಗಿಂತ ನಾಟಿ ದನಗಳು ಶೇ. 6ರಷ್ಟು ಇಳಿದಿವೆ, ವಿದೇಶಿ ಮತ್ತು ಮಿಶ್ರತಳಿಗಳು ಶೇ. 26.9ರಷ್ಟು ಏರಿವೆ. ಹಾಲು ಹೆಚ್ಚಿದ್ದನ್ನು, ಡೇರಿಯ ದುಡ್ಡಿನಲ್ಲಿ ಸಂಸಾರಗಳು ನಡೆಯುತ್ತಿರುವುದನ್ನು ಅಲ್ಲಗಳೆಯುವಂತಿಲ್ಲ. ಆದರೆ ತಳಿ ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಆಸ್ತಿಯಲ್ಲ; ಪ್ರತಿ ತಲೆಮಾರಿನಲ್ಲೂ ಆರಿಸುವವರಿದ್ದರಷ್ಟೇ ಅದು ಇರುತ್ತದೆ. ಮುಡುಕುತೊರೆ, ಸುತ್ತೂರು ಜಾತ್ರೆಗಳಲ್ಲಿ ಒಳ್ಳೆಯ ರಾಸಿಗೆ ಬಹುಮಾನ ಕೊಡುವುದರ ಜೊತೆಗೆ ಬೀಜದ ಹೋರಿಗಳ ವಂಶಾವಳಿಯನ್ನು ದಾಖಲಿಸುವ ಕೆಲಸವನ್ನೂ ಪಶುಸಂಗೋಪನಾ ಇಲಾಖೆ ಕೈಗೆತ್ತಿಕೊಳ್ಳಬೇಕು. ಬನ್ನೂರಿನ ಒಳ್ಳೆಯ ಟಗರನ್ನು ಬೀಜಕ್ಕೆ ಉಳಿಸುವ ಮನೆಗೆ ಕಟುಕನ ಬೆಲೆಗಿಂತ ಹೆಚ್ಚು ಸಿಗುವಂತಾಗಬೇಕು.