ಕಾವಲಿನಲ್ಲಿ ಮಡಿದವರು

ಕೂಡ್ಲಿಗಿ ತಾಲ್ಲೂಕಿನ ಮೂಡಣ ಭಾಗದಲ್ಲಿ, ಹಾಸುಬಂಡೆಗಳೂ ಗುಂಡುಕಲ್ಲುಗಳೂ ಒಂದರ ಮೇಲೊಂದು ಹೇರಿದಂತಿರುವ ಬೆಟ್ಟಗಳ ನಡುವೆ ಗುಡೇಕೋಟೆ ಎಂಬ ಊರಿರುವುದು. ಹಿಂದೆ ಇದು ಪಾಳೆಯಗಾರರ ನೆಲೆ. ಅವರ ಕೋಟೆಯ ಅವಶೇಷಗಳು ಬೆಟ್ಟದ ಮೇಲೆ ಇಂದಿಗೂ ಉಳಿದಿವೆ. 1800ರಲ್ಲಿ ಈ ಸೀಮೆಯು ನಿಜಾಮನಿಂದ ಕಂಪೆನಿಯವರ ಕೈಸೇರಿ ಮದರಾಸಿನ ಆಡಳಿತಕ್ಕೆ ಒಳಪಟ್ಟಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಸಂಗಡ ಮೈಸೂರಿಗೆ ಬಂದಿತು. 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಸುತ್ತಣ ಗವಿಗಳಲ್ಲಿ ಕರಡಿಗಳು ಹೇರಳವಾಗಿರುವುದರಿಂದ ಸರ್ಕಾರದವರು ಇಲ್ಲಿ ಕರಡಿಧಾಮವನ್ನು ಮಾಡಿರುವರು. ಹೊರಗಿನವರು ಗುಡೇಕೋಟೆಯ ಹೆಸರನ್ನು ಕೇಳಿದ್ದರೆ ಬಹುಮಟ್ಟಿಗೆ ಈ ಕರಡಿಗಳ ದೆಸೆಯಿಂದಲೇ. ಆದರೆ ಊರಿನವರನ್ನು ಕೇಳಿದರೆ ಅವರು ಮೊದಲು ಹೇಳುವ ಮಾತು ಬೇರೆ. ಚಿತ್ರದುರ್ಗದ ಒನಕೆ ಓಬವ್ವ ತಮ್ಮ ಊರಿನ ಮಗಳೆಂಬುದೇ ಆ ಮಾತು.

ಈ ಪರಂಪರೆಯನ್ನು ಮುಂದಿಟ್ಟುಕೊಂಡು, ಕಾವಲಿನ ಕೆಲಸದಲ್ಲಿ ಪ್ರಾಣಬಿಟ್ಟವರನ್ನು ನಮ್ಮ ನಾಡು ಯಾವ ಬಗೆಯಲ್ಲಿ ಗೌರವಿಸುತ್ತ ಬಂದಿದೆ ಎಂಬುದನ್ನು ವಾಚಕರೊಡನೆ ವಿಚಾರಮಾಡಬೇಕೆಂದು ಬಹುದಿನಗಳಿಂದ ಮನಸ್ಸಿದ್ದಿತು. ಪ್ರತಿವರ್ಷ ಅಕ್ಟೋಬರ್ 21ರಂದು ಪೋಲೀಸು ಹುತಾತ್ಮರ ದಿನವು ಎಲ್ಲ ಜಿಲ್ಲಾ ಕೇಂದ್ರಗಳಲ್ಲಿಯೂ ನಡೆಯುವುದು. 1959ರ ಆ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ, ಕಾಣೆಯಾದ ತಮ್ಮವರನ್ನು ಹುಡುಕಿಕೊಂಡು ಹೊರಟಿದ್ದ ನಮ್ಮ ಪೋಲೀಸರ ಮೇಲೆ ಚೀನೀ ಸೈನಿಕರು ಗುಂಡುಹಾರಿಸಲು, ಹತ್ತು ಮಂದಿ ಅಲ್ಲಿಯೇ ಮಡಿದರು. ಆಗ ಹಿಮಾಲಯದ ಆ ಗಡಿಯನ್ನು ಕಾಯುತ್ತಿದ್ದವರು ಸೈನಿಕರಲ್ಲ, ಪೋಲೀಸರು, ಎಂಬುದನ್ನು ನಮ್ಮಲ್ಲಿ ಅನೇಕರು ಮರೆತಿರುವರು. ಆಚರಣೆ ಹೀಗೆ ಹೊಸದು. ಅದರ ಹಿಂದಿನ ಭಾವ ಮಾತ್ರ ಕನ್ನಡಿಗರಿಗೆ ಹೊಸದಲ್ಲ.

ನಮ್ಮ ಭಾಷೆಯ ಅತಿ ಪ್ರಾಚೀನ ಶಾಸನಗಳಲ್ಲೊಂದೆಂದು ಹೆಸರಾದ ಹಲ್ಮಿಡಿಯ ಕಲ್ಲನ್ನೇ ತೆಗೆದುಕೊಳ್ಳಬಹುದು. ಐದನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುವ ಈ ಶಾಸನವು ದೇವರಿಗೆ ದತ್ತಿಬಿಟ್ಟುದನ್ನಾಗಲಿ, ಅರಸನ ದಿಗ್ವಿಜಯವನ್ನಾಗಲಿ ಮುಖ್ಯವಾಗಿ ಹೇಳುವುದಿಲ್ಲ. ಕಾಳಗದಲ್ಲಿ ಪರಾಕ್ರಮ ತೋರಿದ ವಿಜ ಅರಸನೆಂಬ ವೀರನಿಗೆ ಊರುಗಳನ್ನು ಬಾಳ್ಗಳ್ಚಾಗಿ, ಎಂದರೆ ಕತ್ತಿಯನ್ನು ತೊಳೆದು ಕೊಟ್ಟ ಕೊಡುಗೆಯಾಗಿ, ಬಿಟ್ಟುದನ್ನು ಹೇಳುವುದು. ಅಲ್ಲಿಂದ ಮುಂದಕ್ಕೆ ನಾಡಿನ ತುಂಬ ವೀರಗಲ್ಲುಗಳು ಎದ್ದವು. ತುರುಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಕಳ್ಳರೊಡನೆ ಕಾದಿ ಸತ್ತವನು, ಹೆಂಗಸರ ಮಾನಕ್ಕಾಗಿ ಬಿದ್ದವನು, ಊರಳಿವಿನಲ್ಲಿ ಬಾಗಿಲು ಬಿಡದೆ ನಿಂತವನು, ಇಂಥವರೇ ಅವುಗಳ ನಾಯಕರು. ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವುದು, ಮೇಲೆ ಶಿವಸಾನ್ನಿಧ್ಯ: ಈ ವಿನ್ಯಾಸವನ್ನು ಕಾಣದ ವಾಚಕರಿರಲಾರರು. ಇವರಲ್ಲಿ ದೊಡ್ಡ ದಂಡಿನ ಯೋಧರೂ ಉಂಟು. ಆದರೆ ಬಹುಮಂದಿ ಇಂದಿನ ಮಾತಿನಲ್ಲಿ ಪೋಲೀಸಿನವರ ಕೆಲಸವನ್ನೇ ಮಾಡುತ್ತ ಸತ್ತವರು.

ನಾವು ವಿಶೇಷವಾಗಿ ಗಮನಿಸಬೇಕಾದುದು ಕಲ್ಲಿನ ಜೊತೆಗೆ ನಡೆಯುತ್ತಿದ್ದ ಇನ್ನೊಂದು ಕಾರ್ಯವನ್ನು. ಸತ್ತವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಇದಕ್ಕೆ ಕಲ್ನಾಡು ಎಂದೂ ನೆತ್ತರುಗೊಡಗೆ ಎಂದೂ ಹೆಸರು. ಬೇಗೂರಿನ ಪ್ರಸಿದ್ಧವಾದ ಗಂಗರ ಕಾಲದ ವೀರಗಲ್ಲಿನಲ್ಲಿ, ನಾಗತ್ತರನು ಆನೆಗಳೊಡನೆ ಕಾದಿ ಬೀಳಲು, ಎರೆಯಪನು ಆ ನಾಗತ್ತರ ಪದವಿಯನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದು ಹೇಳಿದೆ. ಬರಿಯ ಹೊಗಳಿಕೆಯಿಂದ ಒಲೆ ಉರಿಯುವುದಿಲ್ಲವೆಂಬುದು ಆ ಕಾಲದವರಿಗೆ ಚೆನ್ನಾಗಿ ತಿಳಿದಿದ್ದಿತು. ಇಂದಿನ ಸರ್ಕಾರಗಳು ಕೊಡುವ ಕುಟುಂಬ ವೇತನ, ಅನುಕಂಪದ ಆಧಾರದ ಮೇಲಣ ನೌಕರಿ, ಇವುಗಳನ್ನು ಆ ನೆತ್ತರುಗೊಡಗೆಯ ವಂಶದವೆಂದೇ ಎಣಿಸಬಹುದು. ಒಂದು ವ್ಯತ್ಯಾಸ ಮಾತ್ರ ಉಂಟು. ಅಂದಿನ ಕೊಡಗೆಯು ಕಲ್ಲಿನ ಮೇಲೆ ಊರಿನವರೆಲ್ಲರ ಕಣ್ಣೆದುರಿಗೆ ಇರುತ್ತಿದ್ದಿತು; ಅಳಿಸಿದವನಿಗೆ ಪಾಪದ ಭಯವಿದ್ದಿತು. ಇಂದಿನದು ಕಚೇರಿಯ ಕಡತದಲ್ಲಿರುವುದು. ವಿಧವೆಯು ಅದರ ಹಿಂದೆ ತಿರುಗಬೇಕಾಗಿದೆ.

ಇಲ್ಲಿ ಆತಕೂರಿನ ಶಾಸನವನ್ನು ನೆನೆಯದೆ ಮುಂದೆ ಹೋಗಲು ಮನಸ್ಸೊಪ್ಪದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನು ತನ್ನ ಒಡೆಯನಾದ ಬೂತುಗನಲ್ಲಿ ಬೇಡಿ ಪಡೆದುದು ಕಾಳಿಯೆಂಬ ನಾಯಿಯನ್ನು. ಆ ನಾಯಿಯು ಒಂದು ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ಅಲ್ಲಿಯ ಗೊರವನು ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದು ಬರೆಸಿದರು. ಇದು ಸುಮಾರು 950ರ ಮಾತು. ನಾಯಿಯನ್ನು ಮರೆಯದ ಜನ ಮನುಷ್ಯರನ್ನು ಮರೆತಾರೆಯೆ ಎಂದು ಕೇಳಬಹುದು. ಮರೆತುದೂ ಉಂಟು.

ಪಾಳೆಯಗಾರರ ಕಾಲಕ್ಕೆ ಬರುವ ವೇಳೆಗೆ ಕಾವಲು ಒಂದು ವೃತ್ತಿಯೇ ಆಗಿದ್ದಿತು. ಬಳ್ಳಾರಿ ಸೀಮೆಯಲ್ಲಿ ಕಟ್ಟುಬಡಿಯವರೆಂಬವರು ಇನಾಮು ಭೂಮಿಯನ್ನುಂಡು, ಕರೆದಾಗ ಆಯುಧ ಹಿಡಿದು ಬರುತ್ತಿದ್ದರು. ಊರೊಳಗೆ ತಳವಾರನಿದ್ದನು. ಪಾಳೆಯಗಾರನು ಹಳ್ಳಿಗಳಿಂದ ಕಾವಲಿನ ಹಣವನ್ನು ಎತ್ತುತ್ತಿದ್ದನು. ಕಳವಾದರೆ ಮಾಲನ್ನು ಹುಡುಕಿಸಿಕೊಡುವ ಇಲ್ಲವೆ ನಷ್ಟವನ್ನು ತುಂಬಿಕೊಡುವ ಹೊಣೆಯೂ ಅವನದೇ ಎಂಬುದು ಕಟ್ಟಳೆ. ಕಟ್ಟಳೆ ನಡೆದುದಕ್ಕಿಂತ ತಪ್ಪಿದುದೇ ಹೆಚ್ಚೆಂದು ಕಂಪೆನಿಯ ಅಧಿಕಾರಿಗಳ ದೂರು. 1800ರಿಂದ 1807ರವರೆಗೆ ಇಲ್ಲಿ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಪಾಳೆಯಗಾರರ ಬಲವನ್ನು ಮುರಿದನು. 1816ರಲ್ಲಿ ಹಳ್ಳಿಯ ಪೋಲೀಸು ಕೆಲಸವು ಗ್ರಾಮದ ಮುಖ್ಯಸ್ಥರಿಗೂ ತಳವಾರರಿಗೂ ಬಂದಿತು. 1859ರ ಕಾಯಿದೆಯಿಂದ ಮದರಾಸು ಪ್ರಾಂತ್ಯದಲ್ಲಿ ಇಂದಿನ ಬಗೆಯ ಪೋಲೀಸು ಇಲಾಖೆ ಹುಟ್ಟಿತು. ಸಮವಸ್ತ್ರ ಬದಲಾಯಿತು; ರಾತ್ರಿಯ ಗಸ್ತು ಮಾತ್ರ ಹಾಗೆಯೇ ಉಳಿಯಿತು.

ಇನ್ನು ಓಬವ್ವನ ವಿಷಯ. ಓಬಳ ಎಂಬುದು ಅಹೋಬಲದಿಂದ ಬಂದ ಹೆಸರು. ಈ ಭಾಗದಲ್ಲಿ ಓಬಣ್ಣ, ಓಬಳೇಶ, ಓಬವ್ವ ಎಂಬವರು ಮನೆಮನೆಗೂ ಉಂಟು. ದುರ್ಗದ ಅರಮನೆಯ ನಾಗತಿಯರಲ್ಲಿಯೂ ಆ ಹೆಸರಿನವರಿದ್ದರು. ನಮ್ಮ ಓಬವ್ವ ಅರಮನೆಯವಳಲ್ಲ. ಛಲವಾದಿ ಕುಲದವಳು, ಗುಡೇಕೋಟೆಯಲ್ಲಿ ಹುಟ್ಟಿ, ದುರ್ಗದ ಕೋಟೆಯ ಕಾವಲುಗಾರನಾದ ಮುದ್ದಹನುಮನ ಕೈಹಿಡಿದು ಹೋದವಳು ಎಂದು ಪರಂಪರೆ. ಆತನು ಕಹಳೆಯನ್ನು ಊದುವವನಾಗಿದ್ದುದರಿಂದ ಜನರು ಆತನನ್ನು ಕಹಳೆ ಮುದ್ದಹನುಮನೆಂದೇ ಕರೆಯುವರು. ದುರ್ಗದ ಕೊನೆಯ ನಾಯಕನಾದ ಮದಕರಿನಾಯಕನು 1754ರಲ್ಲಿ ಪಟ್ಟಕ್ಕೆ ಬಂದನು. ಹೈದರಾಲಿಯು ಮತ್ತೆ ಮತ್ತೆ ಮುತ್ತಿಗೆ ಹಾಕಿ ಕಡೆಗೆ 1779ರಲ್ಲಿ ದುರ್ಗವನ್ನು ಹಿಡಿದನು. ಈ ಮುತ್ತಿಗೆಗಳ ಕಾಲದಲ್ಲಿಯೇ ಓಬವ್ವನ ಸಾಹಸ ನಡೆಯಿತೆಂದು ಹೇಳುವರು.

ಏಳು ಸುತ್ತಿನ ಆ ಕೋಟೆಯನ್ನು ಎದುರಿನಿಂದ ಹತ್ತುವುದು ಶತ್ರುಗಳಿಗೆ ಆಗಲಿಲ್ಲ. ಬಂಡೆಗಳ ನಡುವೆ ಒಬ್ಬರೇ ನುಸುಳಬಹುದಾದಷ್ಟು ಕಿರಿದಾದ ಒಂದು ಸಂದಿನಲ್ಲಿ ಯಾರೋ ಕೋಟೆಯಿಂದ ಹೊರಬರುವುದನ್ನು ಅವರು ಕಂಡರು. ಅಲ್ಲಿಯ ಕಾವಲು ಮುದ್ದಹನುಮನದು. ಮಧ್ಯಾಹ್ನ ಆತನು ಮನೆಗೆ ಬಂದು ಊಟಕ್ಕೆ ಕುಳಿತನು. ಕುಡಿಯುವುದಕ್ಕೆ ನೀರಿಲ್ಲದೆ ಓಬವ್ವ ಕೊಡ ಹಿಡಿದು ಸಮೀಪದ ತಣ್ಣೀರುದೋಣಿಗೆ ಹೋದಳು. ಸಂದಿನಲ್ಲಿ ಗುಸುಗುಸು ಮಾತು ಕೇಳಿಸಿತು. ಆಕೆಯು ಮನೆಗೆ ಹಿಂತಿರುಗಿ, ಉಣ್ಣುತ್ತಿದ್ದ ಗಂಡನನ್ನು ಎಬ್ಬಿಸದೆ, ಭತ್ತ ಕುಟ್ಟುವ ಒನಕೆಯನ್ನು ತೆಗೆದುಕೊಂಡು ಕಿಂಡಿಯ ಮರೆಯಲ್ಲಿ ನಿಂತಳು. ತಲೆ ತೂರಿಸಿದವನ ತಲೆಗೆ ಹೊಡೆದು ದೇಹವನ್ನು ಒಳಕ್ಕೆಳೆದು ಪಕ್ಕಕ್ಕೆ ಹಾಕುವುದು; ಹಿಂದಿನವನಿಗೆ ಏನೂ ತಿಳಿಯದು; ಅವನೂ ತಲೆ ತೂರಿಸುವನು. ಹನುಮನು ಬಂದು ನೋಡುವಾಗ ಹೆಣಗಳ ರಾಶಿಯ ನಡುವೆ ರಕ್ತಮಯಳಾಗಿ ಹೆಂಡತಿ ನಿಂತಿದ್ದಳು. ಆತನು ಕಹಳೆಯನ್ನೂದಲು ಕೋಟೆಯ ದಂಡು ಎಚ್ಚೆತ್ತಿತು. ಓಬವ್ವ ಅಂದೇ ಸತ್ತಳು. ಶತ್ರುವಿನ ಕತ್ತಿಯಿಂದಲೆಂದು ಕೆಲವರು, ಎದೆಯೊಡೆದೆಂದು ಕೆಲವರು ಹೇಳುವರು. ಆ ಸಂದಿಗೆ ಓಬವ್ವನ ಕಿಂಡಿಯೆಂದು ಇಂದಿಗೂ ಹೆಸರು.

ಈ ಕಥೆ ನಮ್ಮನ್ನು ತಲುಪಿರುವುದು ಜನರ ಬಾಯಿಂದ. ಇತಿಹಾಸಕಾರನು ಇದನ್ನು ಶಾಸನದಂತೆ ಓದತಕ್ಕದ್ದಲ್ಲ. ಕಟ್ಟುಕಥೆಯೆಂದು ತಳ್ಳುವುದೂ ತರವಲ್ಲ. ನಮಗೆ ಇದರಲ್ಲಿ ಸೋಜಿಗವೆನಿಸುವುದು ಒನಕೆಯಲ್ಲ, ಊಟ. ಕಾವಲುಗಾರನು ಠಾಣೆಯನ್ನು ಬಿಟ್ಟು ಹೋಗುವುದು ಯಾವ ದಂಡಿನ ನಿಯಮದಲ್ಲಾದರೂ ಘೋರವಾದ ತಪ್ಪು. ಆದರೂ ಜನರು ಮುದ್ದಹನುಮನನ್ನು ದೂರಲಿಲ್ಲ. ಒಬ್ಬನೇ ಒಬ್ಬನನ್ನು, ಬದಲಿಯವನಿಲ್ಲದೆ, ಹಗಲೂ ರಾತ್ರಿಯೂ ನಿಲ್ಲಿಸಿದರೆ ಆತನು ಉಣ್ಣುವುದೆಂದಿಗೆ ಎಂಬುದು ಕಥೆ ಹೇಳಿದವರಿಗೆ ಗೊತ್ತು. ಅವರೂ ಕಾವಲು ಕಾದವರೇ. ಬದಲಿಯಾಗಿ ನಿಂತವಳು ಹೆಂಡತಿ. ಆಕೆಗೆ ಸಂಬಳವಿರಲಿಲ್ಲ, ಹಾಜರಿಪಟ್ಟಿಯಲ್ಲಿ ಹೆಸರಿರಲಿಲ್ಲ, ಕೋಟೆಯನ್ನು ಕಾಯೆಂದು ಯಾರೂ ಆಕೆಗೆ ಹೇಳಿರಲಿಲ್ಲ. ಕರ್ತವ್ಯದಲ್ಲಿ ಮಡಿದವರೆಂಬ ಮಾತನ್ನು ಕಚೇರಿಯವರು ಅಳೆಯುವಂತೆ ಅಳೆದರೆ ಓಬವ್ವ ಆ ಪಟ್ಟಿಗೆ ಸೇರುವುದಿಲ್ಲ. ಇಂದಿಗೂ ಠಾಣೆಯಲ್ಲಿ ಎರಡು ಪಾಳಿ ಕೆಲಸಮಾಡುವ ಪೇದೆಯ ಅನ್ನವನ್ನು ಮುಚ್ಚಿಟ್ಟು ಕಾಯುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಕೆ ಉಳಿಸಿದ ಕೋಟೆಯಾದರೂ ಉಳಿಯಲಿಲ್ಲ. 1779ರಲ್ಲಿ ಮದಕರಿನಾಯಕನು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದನು. ದುರ್ಗದ ಬೇಡರ ಮನೆತನಗಳನ್ನು ಸಾಗಿಸಿ, ಅವರ ಹುಡುಗರನ್ನು ಹೈದರನು ಚೇಲಾ ಪಡೆಗೆ ಸೇರಿಸಿಕೊಂಡನು. ಕಿಂಡಿಯಲ್ಲಿ ಸತ್ತ ಸಿಪಾಯಿಗಳೂ ತಮ್ಮ ಒಡೆಯನ ಉಪ್ಪನ್ನುಂಡವರೇ ಅಲ್ಲವೆ? ಅವರ ಹೆಸರುಗಳು ಯಾವ ಕಥೆಯಲ್ಲಿಯೂ ಇಲ್ಲ.

ಈ ಪ್ರಶ್ನೆ ನಮ್ಮ ಕಾಲಕ್ಕೆ ಸಮೀಪವಾದ ಇನ್ನೊಂದು ಸಂಗತಿಯಲ್ಲಿ ಹೆಚ್ಚು ತೀಕ್ಷ್ಣವಾಗುವುದು. 1942ರ ಸೆಪ್ಟೆಂಬರ್ 28ರಂದು ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ, ಸ್ವತಂತ್ರವೆಂದು ಸಾರಿಕೊಂಡಿದ್ದ ಹಳ್ಳಿಗೆ ಬಂದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಜನರ ಘರ್ಷಣೆಯಲ್ಲಿ ಸತ್ತರು. 1943ರ ಮಾರ್ಚಿಯಲ್ಲಿ ಊರಿನ ಐವರಿಗೆ ಗಲ್ಲಾಯಿತು. ನಾಡು ಆ ಐವರನ್ನು ಪೂಜಿಸುವುದು ನ್ಯಾಯವೇ ಸರಿ. ಆದರೆ ಆ ಇಬ್ಬರು ಅಧಿಕಾರಿಗಳೂ ಕನ್ನಡ ಮನೆಗಳಿಂದ ಬಂದವರು, ಕೆಲಸಕ್ಕೆಂದು ಹೊರಟು ಹಿಂತಿರುಗದೆ ಹೋದವರು. ಅವರಿಗಾಗಿ ನಾವು ಕಲ್ಲು ನಿಲ್ಲಿಸಬೇಕೆಂದು ಹೇಳುತ್ತಿಲ್ಲ. ಈಸೂರಿನ ಚರಿತ್ರೆಯನ್ನು ಬರೆಯುವವರು ಅವರ ಸಾವನ್ನು ಅರ್ಧ ವಾಕ್ಯದಲ್ಲಿ ದಾಟಿಬಿಡುವುದು ಸರಿಯಲ್ಲವೆಂದಷ್ಟೇ ನಮ್ಮ ಅಭಿಪ್ರಾಯ. ಇದನ್ನು ಒಪ್ಪದವರೂ ಇರಬಹುದು.

ಸ್ವಾತಂತ್ರ್ಯ ಬಂದಮೇಲಣ ಕಥೆಯಲ್ಲಿ ಇಂತಹ ಇಕ್ಕಟ್ಟು ಕಡಿಮೆ. ವೀರಪ್ಪನನ ಹಾವಳಿಯ ಕಾಲದಲ್ಲಿ, 1992ರ ಮೇ ತಿಂಗಳಲ್ಲಿ ರಾಮಾಪುರದ ಠಾಣೆಯ ಮೇಲೆಯೇ ದಾಳಿ ನಡೆದು ಪೋಲೀಸರು ಸತ್ತರು; ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಬಳಿ ಪೋಲೀಸ್ ಸೂಪರಿಂಟೆಂಡೆಂಟರಾದ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರಾದ ಶಕೀಲ್ ಅಹಮದ್ ಇವರೂ ಸಂಗಡಿಗರೂ ಹೊಂಚಿನ ಗುಂಡಿಗೆ ಬಲಿಯಾದರು. 2018ರ ಅಕ್ಟೋಬರ್ 21ರಂದು ದೆಹಲಿಯ ಚಾಣಕ್ಯಪುರಿಯಲ್ಲಿ ರಾಷ್ಟ್ರೀಯ ಪೋಲೀಸು ಸ್ಮಾರಕವು ತೆರೆಯಿತು. 1947ರಿಂದ ಅಲ್ಲಿಯವರೆಗೆ ಮಡಿದವರ ಸಂಖ್ಯೆ 34,844 ಎಂದು ಆಗ ಲೆಕ್ಕಕೊಟ್ಟರು. ಅವರ ಹೆಸರುಗಳನ್ನು ಗೋಡೆಯಲ್ಲಿ ಕೆತ್ತಿದೆ. ನಡುವೆ ನಿಂತಿರುವುದು 30 ಅಡಿ ಎತ್ತರದ ಒಂದೇ ಕಲ್ಲು. ವೀರಗಲ್ಲಿನ ನಾಡಿನವರಿಗೆ ಅದು ಪರಿಚಿತವಾದ ನೋಟ.

ಓಬವ್ವನಿಗೂ ಕಾಲ ಬಂದಿತು. ತ. ರಾ. ಸುಬ್ಬರಾಯರ ಕಾದಂಬರಿಗಳಿಂದ ದುರ್ಗದ ಇತಿಹಾಸವು ಮನೆಮಾತಾಯಿತು. 1972ರ ನಾಗರಹಾವು ಚಲಚ್ಚಿತ್ರದಿಂದ ಓಬವ್ವನ ರೂಪ ಜನರ ಕಣ್ಣಲ್ಲಿ ನಿಂತಿತು. ಚಿತ್ರದುರ್ಗದ ಕ್ರೀಡಾಂಗಣಕ್ಕೆ ಆಕೆಯ ಹೆಸರು. 2021ರಿಂದ ನವೆಂಬರ್ 11ರಂದು ಸರ್ಕಾರವು ಆಕೆಯ ಜಯಂತಿಯನ್ನು ಆಚರಿಸುತ್ತಿದೆ. ಮಹಿಳಾ ಪೋಲೀಸರ ಒಂದು ಪಡೆಗೂ ಓಬವ್ವನ ಹೆಸರಿಟ್ಟಿರುವರು. ಸಂಬಳವಿಲ್ಲದೆ ಕಾವಲು ನಿಂತವಳು ಹೀಗೆ ಕಡೆಗೆ ಇಲಾಖೆಯೊಳಕ್ಕೆ ಬಂದಳು.

ಮುದ್ದಹನುಮನ ಹೆಸರನ್ನು ಮಾತ್ರ ಯಾರೂ ಅಷ್ಟಾಗಿ ಎತ್ತುವುದಿಲ್ಲ. ಅಕ್ಟೋಬರ್ 21ರ ಬೆಳಗ್ಗೆ ಪೋಲೀಸು ಮೈದಾನದಲ್ಲಿ ಆ ವರ್ಷ ಮಡಿದವರ ಹೆಸರುಗಳನ್ನು ಒಂದೊಂದಾಗಿ ಓದಿ, ಬಂದೂಕುಗಳ ಮೂತಿಯನ್ನು ಕೆಳಕ್ಕೆ ತಿರುಗಿಸಿ ನಿಂತಾಗ, ಒಬ್ಬನು ಮುಂದೆ ಬಂದು ಕಹಳೆಯನ್ನೂದುವನು. ಆ ದನಿಯನ್ನು ಕೇಳಿದಾಗಲೆಲ್ಲ ನಮಗೆ ನೆನಪಾಗುವವನು ಆತನೇ.

ಕೊನೆಗೊಂದು ಬಿನ್ನಹ. ನಮ್ಮ ಸೀಮೆಯ ಹಳ್ಳಿಗಳಲ್ಲಿ ವೀರಗಲ್ಲುಗಳು ಕೆಲವೆಡೆ ಬಟ್ಟೆ ಒಗೆಯುವ ಕಲ್ಲುಗಳಾಗಿಯೂ, ಕೆಲವೆಡೆ ಗುಡಿಯ ಮೆಟ್ಟಿಲುಗಳಾಗಿಯೂ, ಕೆಲವೆಡೆ ಎಣ್ಣೆ ಬಳಿದು ಹೆಸರು ತಿಳಿಯದ ದೇವರಾಗಿಯೂ ಇವೆ. ಗುಡೇಕೋಟೆ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯ ಕಡೆಯ ವಾಚಕರು ತಮ್ಮ ಊರಿನ ಇಂತಹ ಕಲ್ಲುಗಳನ್ನು ಕಂಡು, ಬೂದಿ ನೀರಿನಿಂದ ಉಜ್ಜದೆ, ಅಕ್ಷರಗಳಿದ್ದಲ್ಲಿ ಕಾಗದದ ಮೇಲೆ ಒತ್ತಿ ಅಚ್ಚು ತೆಗೆದು, ಅವು ಇರುವ ಸ್ಥಳದ ಗುರುತಿನೊಡನೆ ಸಂಘಕ್ಕೆ ಕಳುಹಿಸಿದರೆ ಈ ಪತ್ರಿಕೆಯಲ್ಲಿ ಪ್ರಕಟಿಸಲಾಗುವುದು.